ಉಂಡದ್ದು, ಉರಿದದ್ದು: ಟ್ಯೂನಾ ಮೀನಿನ ಹಸಿವಿನ ಲೆಕ್ಕ



ಇವತ್ತಿನ ವಿಷಯ ಟ್ಯೂನಾ ಮೀನು. ಅದು ಏನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ, ತಿಂದದ್ದನ್ನು ಯಾವುದಕ್ಕೆ ಖರ್ಚು ಮಾಡುತ್ತದೆ ಎಂಬುದು. ಭೀಮೆ ಮತ್ತು ಕೃಷ್ಣೆಯ ನಡುವಿನ ಯಾದಗಿರಿಯ ಈ ನೆಲದಿಂದ ಅರಬ್ಬಿ ಸಮುದ್ರ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಲ್ಲಿನ ಹೊಳೆಗಳೂ ಆ ಕಡೆ ಮುಖ ಮಾಡದೆ ಪೂರ್ವಕ್ಕೆ ಹರಿದು ಬಂಗಾಳಕೊಲ್ಲಿ ಸೇರುತ್ತವೆ. ಹಾಗಿದ್ದೂ ಈ ವಿಷಯವನ್ನೇ ಆರಿಸಿಕೊಂಡೆ. ಒಂದು ಜೀವಿಗೆ ಬದುಕಲು ಎಷ್ಟು ಬೇಕು, ಅಷ್ಟನ್ನು ಅದು ಎಲ್ಲಿಂದ ಸಂಪಾದಿಸುತ್ತದೆ ಎಂಬ ಪ್ರಶ್ನೆ ಮಲ್ಪೆಯ ಕಡಲಿಗೂ ಸುರಪುರದ ಬೋನಾಳ ಕೆರೆಗೂ ಒಂದೇ. ಆ ಪ್ರಶ್ನೆಗೆ ಅತ್ಯಂತ ನಿಷ್ಠುರವಾದ ಉತ್ತರ ಸಿಗುವುದು ಟ್ಯೂನಾದ ಮೈಯಲ್ಲಿ. ಅದನ್ನು ತಿಳಿದುಕೊಂಡು ಬೋನಾಳಕ್ಕೆ ಬಂದರೆ ಅಲ್ಲಿಯ ಹಕ್ಕಿಗಳನ್ನು ನಾವು ನೋಡುವ ರೀತಿ ಬದಲಾಗುತ್ತದೆ ಎಂಬುದು ನನ್ನ ನಂಬಿಕೆ. ಕರಾವಳಿಗೂ ನಮಗೂ ವಿದ್ಯೆಯ ನಂಟು ಮೊದಲೇ ಇದೆ: 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಈಗ ನಡೆಯುವುದು ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ.

ಟ್ಯೂನಾ ಎಂದರೆ ಒಂದೇ ಮೀನಲ್ಲ, ಬಂಗುಡೆಯ ಕುಟುಂಬಕ್ಕೆ ಸೇರಿದ ಒಂದು ಬಳಗ. ಕರ್ನಾಟಕದ ದಕ್ಕೆಗಳಲ್ಲಿ ಕೇದರ ಎಂದು ಕರೆಯುವ ಚಿಕ್ಕ ಟ್ಯೂನಾ ಅದರಲ್ಲಿ ನಮಗೆ ಹತ್ತಿರದ್ದು. ಬೆನ್ನ ಮೇಲೆ ಓರೆ ಗೆರೆಗಳು, ಎದೆಯ ಕೆಳಗೆ ಕೆಲವು ಕಪ್ಪು ಚುಕ್ಕೆಗಳು, ಎರಡೂ ಕಡೆ ಚೂಪಾದ ಗಟ್ಟಿ ಮೈ. ದಡದಿಂದ ಬಹಳ ದೂರ ಹೋಗದೆ ಓಡಾಡುವ ಇದು ಪರ್ಸೀನ್ ಬೋಟುಗಳ ಬಲೆಗೂ ತೇಲುಬಲೆಗಳಿಗೂ ಬೀಳುತ್ತದೆ. ಇನ್ನೂ ಆಳದ ನೀರಿನಲ್ಲಿ ಸ್ಕಿಪ್‌ಜ್ಯಾಕ್, ಹಳದಿ ರೆಕ್ಕೆಯ ಯೆಲ್ಲೋಫಿನ್, ದೊಡ್ಡ ಕಣ್ಣಿನ ಬಿಗ್‌ಐ ಇವೆ. ಅಟ್ಲಾಂಟಿಕ್‌ನ ಬ್ಲೂಫಿನ್ ಎಲ್ಲಕ್ಕೂ ದೊಡ್ಡದು. ಮೂರು ಮೀಟರ್ ಉದ್ದಕ್ಕೂ ಐದಾರು ಕ್ವಿಂಟಲ್ ತೂಕಕ್ಕೂ ಬೆಳೆಯಬಲ್ಲದು. ಗಾತ್ರದಲ್ಲಿ ಇಷ್ಟು ಅಂತರವಿದ್ದರೂ ಬಳಗಕ್ಕೆಲ್ಲ ಒಂದು ಲಕ್ಷಣ ಸಮಾನ. ಇವು ಹುಟ್ಟಿದ ಮೇಲೆ ಸಾಯುವತನಕ ಈಜು ನಿಲ್ಲಿಸುವುದಿಲ್ಲ.

ಈ ಮಾತನ್ನು ಅಲಂಕಾರವೆಂದು ತಿಳಿಯಬಾರದು. ನಮ್ಮ ಕೆರೆಯ ಮೀನು ಒಂದೆಡೆ ನಿಂತು ಬಾಯಿ ಮತ್ತು ಕಿವಿರಿನ ಮುಚ್ಚಳವನ್ನು ಆಡಿಸಿ ನೀರನ್ನು ಒಳಗೆಳೆದುಕೊಂಡು ಉಸಿರಾಡುತ್ತದೆ. ಟ್ಯೂನಾಗೆ ಆ ಶಕ್ತಿ ಇಲ್ಲ. ಬಾಯಿ ತುಸು ತೆರೆದು ಮುಂದಕ್ಕೆ ಈಜಿದಾಗ ಮಾತ್ರ ನೀರು ಕಿವಿರುಗಳ ಮೂಲಕ ಹಾದು ಆಮ್ಲಜನಕ ಸಿಗುತ್ತದೆ. ನಿಂತರೆ ಉಸಿರು ನಿಲ್ಲುತ್ತದೆ. ಎರಡನೆಯ ಕಾರಣ ಅದರ ಭಾರ. ಸ್ಕಿಪ್‌ಜ್ಯಾಕ್‌ಗೂ ನಮ್ಮ ಕೇದರಕ್ಕೂ ಗಾಳಿಚೀಲ ಇಲ್ಲ, ಮೈ ನೀರಿಗಿಂತ ಭಾರ. ಎದೆಯ ರೆಕ್ಕೆಗಳನ್ನು ಚಾಚಿ ಒಂದು ಕನಿಷ್ಠ ವೇಗದಲ್ಲಿ ಮುಂದೆ ಸಾಗುತ್ತಿದ್ದರೆ ಮಾತ್ರ ಅವು ಮುಳುಗದೆ ಉಳಿಯುತ್ತವೆ. ಹೀಗೆ ಹಗಲು ರಾತ್ರಿ, ಹಸಿದಾಗ ಉಂಡಾಗ, ಸೆಕೆಂಡಿಗೆ ತನ್ನ ಮೈಯುದ್ದದ ಒಂದೆರಡು ಪಟ್ಟು ದೂರ ಸಾಗುವುದು ಈ ಮೀನಿನ ವಿಶ್ರಾಂತಿಯ ಸ್ಥಿತಿ. ಬೇಟೆಯ ವೇಗ ಅದರ ಮೇಲಿನದು.

ಇಷ್ಟು ದುಡಿಯುವ ಮೈಗೆ ಆಮ್ಲಜನಕ ಒದಗಿಸುವುದೇ ದೊಡ್ಡ ಕೆಲಸ. ಬೆಚ್ಚನೆಯ ಕಡಲಿನ ಒಂದು ಲೀಟರ್ ನೀರಿನಲ್ಲಿ ಇರುವುದು ಆರೇಳು ಮಿಲಿಗ್ರಾಂ ಆಮ್ಲಜನಕ. ಅಷ್ಟೇ ಗಾಳಿಯಲ್ಲಿ ಅದರ ನಲವತ್ತು ಪಟ್ಟು ಇರುತ್ತದೆ. ಈ ಬಡ ನೀರಿನಿಂದ ಟ್ಯೂನಾ ಅರ್ಧದಷ್ಟನ್ನು ಹಿಂಡಿಕೊಳ್ಳುತ್ತದೆ. ಅದರ ಕಿವಿರಿನ ಹಾಳೆಗಳನ್ನೆಲ್ಲ ಬಿಡಿಸಿ ಹರಡಿದರೆ ಸಿಗುವ ವಿಸ್ತಾರ ಅದೇ ತೂಕದ ಸಸ್ತನಿಯ ಶ್ವಾಸಕೋಶದ ಹತ್ತಿರಕ್ಕೆ ಬರುತ್ತದೆ. ರಕ್ತಕ್ಕೂ ನೀರಿಗೂ ನಡುವಿನ ಪೊರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಹೃದಯವೂ ಇತರ ಮೀನುಗಳದ್ದಕ್ಕಿಂತ ಹಲವು ಪಟ್ಟು ದೊಡ್ಡದು.

ಇನ್ನು ಬಿಸಿ. ಮೀನೆಂದರೆ ತಣ್ಣನೆಯ ರಕ್ತದ ಜೀವಿ ಎಂದು ಶಾಲೆಯಲ್ಲಿ ಕಲಿಯುತ್ತೇವೆ. 1835ರಲ್ಲಿ ಜಾನ್ ಡೇವಿ ಎಂಬ ಬ್ರಿಟಿಷ್ ವೈದ್ಯ ಹಿಡಿದ ಟ್ಯೂನಾದ ಮಾಂಸಕ್ಕೆ ಉಷ್ಣತಾಮಾಪಕ ಚುಚ್ಚಿ ನೋಡಿದ್ದನ್ನು ಪ್ರಕಟಿಸಿದ: ಸುತ್ತಲಿನ ನೀರಿಗಿಂತ ಮೀನಿನ ಮೈ ಸುಮಾರು 10 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿತ್ತು. ಕಾರಣ ಸ್ಪಷ್ಟವಾಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1960ರ ದಶಕದಲ್ಲಿ ಫ್ರಾಂಕ್ ಕೇರಿ ಮತ್ತು ಜಾನ್ ಟೀಲ್ ತೋರಿಸಿದ್ದು ಇದು. ಸದಾ ದುಡಿಯುವ ಕೆಂಪು ಸ್ನಾಯುಗಳು ಟ್ಯೂನಾದಲ್ಲಿ ಬೆನ್ನೆಲುಬಿನ ಹತ್ತಿರ, ಒಳಗಡೆ ಇವೆ. ಅವುಗಳಿಂದ ಹೊರಡುವ ಬಿಸಿ ರಕ್ತದ ಸಣ್ಣ ನಾಳಗಳೂ ಕಿವಿರಿನಿಂದ ಬರುವ ತಣ್ಣನೆಯ ರಕ್ತದ ನಾಳಗಳೂ ಒಂದಕ್ಕೊಂದು ಅಂಟಿಕೊಂಡು ಎದುರು ದಿಕ್ಕಿನಲ್ಲಿ ಹರಿಯುತ್ತವೆ. ಬಿಸಿ ಹೊರಗೆ ಹೋಗುವ ಮೊದಲೇ ಒಳಬರುವ ರಕ್ತಕ್ಕೆ ದಾಟಿ ವಾಪಸು ಸ್ನಾಯುವಿಗೆ ಬರುತ್ತದೆ. ಬೆಚ್ಚನೆಯ ಸ್ನಾಯು ಬೇಗ ಕುಗ್ಗಿ ಬೇಗ ಹಿಗ್ಗುತ್ತದೆ. ಬ್ಲೂಫಿನ್‌ನಲ್ಲಿ ಹೊಟ್ಟೆಯ ಭಾಗವೂ ಬೆಚ್ಚಗಿರುವುದರಿಂದ ತಣ್ಣೀರಿನಲ್ಲಿದ್ದಾಗಲೂ ಉಂಡದ್ದು ಬೇಗ ಕರಗುತ್ತದೆ.

ಇಷ್ಟೆಲ್ಲ ಸೌಲಭ್ಯಕ್ಕೆ ಬಾಡಿಗೆ ತೆರಬೇಕು. ಹವಾಯಿಯ ಹೊನಲುಲುವಿನಲ್ಲಿ ಅಮೆರಿಕದ ಮೀನುಗಾರಿಕಾ ಪ್ರಯೋಗಾಲಯವೊಂದು ದಶಕಗಳ ಕಾಲ ಜೀವಂತ ಟ್ಯೂನಾಗಳನ್ನು ತೊಟ್ಟಿಗಳಲ್ಲಿ ಸಾಕಿ ಅಳತೆ ಮಾಡಿತು. ಈಜದೆ, ಬೇಟೆಯಾಡದೆ, ಬರೇ ಜೀವ ಹಿಡಿದಿಡಲು ಟ್ಯೂನಾ ಸುಡುವ ಆಮ್ಲಜನಕ ಸಾಲ್ಮನ್‌ನಂಥ ಚುರುಕು ಮೀನು ಸುಡುವುದಕ್ಕಿಂತ ಎರಡು ಮೂರು ಪಟ್ಟು ಅಥವಾ ಇನ್ನೂ ಹೆಚ್ಚು ಎಂದು ಅಲ್ಲಿ ಗೊತ್ತಾಯಿತು. ನಿಲ್ಲದ ಮೀನನ್ನು ನಿಲ್ಲಿಸಿ ಅಳೆಯುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧಿ ಕೊಟ್ಟು, ಬಾಯೊಳಗೆ ಕೊಳವೆಯಿಂದ ನೀರು ಹರಿಸಿ, ಒಳಹೋದ ನೀರಿನ ಆಮ್ಲಜನಕವನ್ನೂ ಹೊರಬಂದ ನೀರಿನದ್ದನ್ನೂ ಹೋಲಿಸಿ ಅಳೆದರು. ಅದೇ ಪ್ರಯೋಗಾಲಯದಲ್ಲಿ ಜಾನ್ ಮ್ಯಾಗ್ನುಸನ್ ಸ್ಕಿಪ್‌ಜ್ಯಾಕ್‌ಗಳಿಗೆ ಬೇಕಾದಷ್ಟು ಆಹಾರ ಕೊಟ್ಟು ನೋಡಿ 1969ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಬೆರಗು ಹುಟ್ಟಿಸುತ್ತದೆ: ಸಿಕ್ಕರೆ ಅವು ದಿನಕ್ಕೆ ಮೈತೂಕದ ಶೇ 15ರಷ್ಟು ತಿನ್ನುತ್ತವೆ, ತುಂಬಿದ ಹೊಟ್ಟೆ ಸುಮಾರು 12 ಗಂಟೆಯಲ್ಲಿ ಬರಿದಾಗುತ್ತದೆ. ಅದು ತೊಟ್ಟಿಯ ಹಬ್ಬದೂಟ. ನಿಜವಾದ ಕಡಲಿನಲ್ಲಿ ಹೊಟ್ಟೆಯಲ್ಲಿ ಉಳಿದ ಆಹಾರದಿಂದ ಲೆಕ್ಕ ಹಾಕಿದಾಗ ಪೂರ್ವ ಪೆಸಿಫಿಕ್‌ನ ಯೆಲ್ಲೋಫಿನ್‌ಗೆ ದಿನಕ್ಕೆ ಮೈತೂಕದ ಶೇ 4ರ ಆಸುಪಾಸು ಬಂತು. ಎರಡು ಕಿಲೋ ತೂಗುವ ಒಂದು ಕೇದರಕ್ಕೆ ಇದೇ ಪ್ರಮಾಣ ಹಿಡಿದರೆ ದಿನಕ್ಕೆ 80 ಗ್ರಾಂ, ಅಂದರೆ ಬೂತಾಯಿ ಎಂಬ ಸಣ್ಣ ಮೀನು ಎರಡು ಮೂರು. ವರ್ಷಕ್ಕೆ 29 ಕಿಲೋ. ತನ್ನ ತೂಕದ ಹದಿನಾಲ್ಕು ಪಟ್ಟಿಗೂ ಹೆಚ್ಚು.

ಉಂಡದ್ದರಲ್ಲಿ ಮೈಗೆ ಹತ್ತುವುದು ಕಡಿಮೆ. ಬಹುಪಾಲು ಈಜಿಗೆ, ಉಸಿರಿಗೆ, ಜೀರ್ಣಕ್ಕೆ ಉರಿದುಹೋಗುತ್ತದೆ. ಉಳಿದದ್ದರಲ್ಲೂ ಮೊಟ್ಟೆಯ ಪಾಲು ದೊಡ್ಡದು: ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಯೆಲ್ಲೋಫಿನ್ ಸುಮಾರು ಒಂದೂವರೆ ದಿನಕ್ಕೊಮ್ಮೆ ಮೊಟ್ಟೆ ಬಿಡುತ್ತದೆ.

ಇಂಥ ಬದುಕು ಏಕೆ ಬೇಕಾಯಿತು? ಕೊರಮೀನನ್ನು ನೋಡಿ. ಭೀಮೆಯ ಮಡುವಿನಲ್ಲಿ, ನಮ್ಮ ಕೆರೆಗಳ ಕೆಸರಿನಲ್ಲಿ ಅದು ಬಹಳ ಹೊತ್ತು ಅಲುಗಾಡದೆ ಇರುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಿದ್ದರೂ ಆಗಾಗ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಬೇಟೆ ಹತ್ತಿರ ಬಂದಾಗ ಒಂದೇ ನೆಗೆತ. ಸಿಗದಿದ್ದರೆ ದಿನಗಟ್ಟಲೆ ಉಪವಾಸ ಇರಬಲ್ಲದು. ಅದರ ಖರ್ಚು ಸಣ್ಣದು, ಆದಾಯವೂ ಸಣ್ಣದು, ಬರಗಾಲ ತಡೆಯುವ ಶಕ್ತಿ ದೊಡ್ಡದು. ಟ್ಯೂನಾದ ಬದುಕು ಇದಕ್ಕೆ ತಿರುಗುಮುರುಗು. ಸಾಲ ತಂದು ಬೀಜ, ಗೊಬ್ಬರ, ಔಷಧಿಗೆ ಮೊದಲೇ ಸುರಿದು ಹತ್ತಿ ಬಿತ್ತುವ ರೈತನ ಹಾಗೆ ಅದು ಗಳಿಸುವ ಮುಂಚೆಯೇ ಖರ್ಚು ಮಾಡಿರುತ್ತದೆ. ಫಸಲು ಬಂದರೆ ಜೋಳದವನಿಗೆ ಕನಸಿನಲ್ಲೂ ಸಿಗದ ಆದಾಯ, ಬಾರದಿದ್ದರೆ ತಡೆದುಕೊಳ್ಳಲು ಕಣಜದಲ್ಲಿ ಏನೂ ಇಲ್ಲ. ಶಹಾಪುರ, ಸುರಪುರದ ಎರೆಮಣ್ಣಿನವರಿಗೆ ಈ ಲೆಕ್ಕವನ್ನು ನಾನು ಬಿಡಿಸಿ ಹೇಳಬೇಕಿಲ್ಲ. ವಿಜ್ಞಾನಿಗಳು ಟ್ಯೂನಾವನ್ನು ಶಕ್ತಿಯ ಸಟ್ಟಾ ವ್ಯಾಪಾರಿ ಎಂಬರ್ಥದ ಹೆಸರಿನಿಂದ ಕರೆದಿರುವುದೂ ಇದಕ್ಕೇ. ಉಷ್ಣವಲಯದ ಟ್ಯೂನಾಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಇವತ್ತಿನ ಈಜಿಗೆ ಇವತ್ತಿನದೇ ಊಟ ಬೇಕು.

ಈಗ ಊಟದ ಕಡೆ ಬರೋಣ. ಮೀನು ಏನು ತಿಂದಿತು ಎಂದು ತಿಳಿಯುವ ಹಳೆಯ ವಿಧಾನ ಹೊಟ್ಟೆ ಸೀಳಿ ನೋಡುವುದು. ಹೊಟ್ಟೆಯಲ್ಲಿದ್ದದ್ದನ್ನು ಬೇರ್ಪಡಿಸಿ, ಎಣಿಸಿ, ತೂಗಿ, ಅರ್ಧ ಕರಗಿದ್ದರೆ ಕಿವಿಯ ಕಲ್ಲಿನಿಂದ ಮೀನನ್ನೂ ಗಿಣಿಕೊಕ್ಕಿನಂಥ ಬಾಯಿಯಿಂದ ಬೊಂಡಾಸವನ್ನೂ (ಸ್ಕ್ವಿಡ್) ಗುರುತಿಸುತ್ತಾರೆ. ಬಹಳ ಶ್ರಮದ, ವಾಸನೆಯ ಕೆಲಸ. ಆದರೂ ಕಡಲಿನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಬಂದದ್ದು ಈ ಮೇಜಿನಿಂದ, ಮತ್ತು ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ನಮ್ಮ ಕರಾವಳಿಯ ಕೇದರದ ಹೊಟ್ಟೆಯಲ್ಲಿ ಮುಖ್ಯವಾಗಿ ಸಿಗುವುದು ಕೊಲ್ಲತರು, ಬೂತಾಯಿ, ಇತರ ಸಣ್ಣ ಮೀನುಗಳು, ಜೊತೆಗೆ ಬೊಂಡಾಸ ಮತ್ತು ಸಿಗಡಿ. ಆಳ ಸಮುದ್ರದ ಯೆಲ್ಲೋಫಿನ್‌ನ ಹೊಟ್ಟೆ ಬೇರೆಯೇ ಕಥೆ ಹೇಳುತ್ತದೆ: ಅರಬ್ಬಿ ಸಮುದ್ರದ ನಡುವೆ ಗುಂಪು ಗುಂಪಾಗಿ ಈಜುವ ಒಂದು ಬಗೆಯ ಏಡಿ, ನೇರಳೆ ಬೆನ್ನಿನ ಬೊಂಡಾಸ, ಹಗಲಲ್ಲಿ ಕತ್ತಲ ಆಳದಲ್ಲಿದ್ದು ರಾತ್ರಿ ಮೇಲೇರುವ ಪುಟ್ಟ ಮೀನುಗಳು. ಬಿಗ್‌ಐ ಆ ಕತ್ತಲ ಆಳಕ್ಕೇ ಇಳಿದು ಬೇಟೆಯಾಡಿ, ಮೈ ತಣ್ಣಗಾದಾಗ ಮೇಲೆ ಬಂದು ಬಿಸಿ ಮಾಡಿಕೊಂಡು ಮತ್ತೆ ಇಳಿಯುತ್ತದೆ.

ಟ್ಯೂನಾ ರುಚಿಯ ಬಗ್ಗೆ ಹಟ ಮಾಡುವುದಿಲ್ಲ. ಅದು ಹಟ ಮಾಡುವುದು ದಟ್ಟಣೆಯ ಬಗ್ಗೆ. ನನ್ನ ಇಡೀ ಉಪನ್ಯಾಸದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. ಒಂದು ಮೀನನ್ನು ಬೆನ್ನಟ್ಟಲು ತಗಲುವ ಶಕ್ತಿಗಿಂತ ಆ ಮೀನಿನಿಂದ ಸಿಗುವ ಶಕ್ತಿ ಹೆಚ್ಚಿರಬೇಕು. ಜೊತೆಗೆ ಅದನ್ನು ಹುಡುಕಲು ಸುತ್ತಿದ ದೂರದ ಖರ್ಚೂ ಹೊರಬೇಕು. ಉಷ್ಣವಲಯದ ತೆರೆದ ಕಡಲಿನ ಬಹುಭಾಗ ತೀರ ಬಡವಾದದ್ದು. ಒಂದು ಚದರ ಕಿಲೋಮೀಟರಿನ ಆಹಾರವನ್ನೆಲ್ಲ ಸಮನಾಗಿ ಹರಡಿಬಿಟ್ಟರೆ ಟ್ಯೂನಾ ಹಸಿವಿನಿಂದ ಸಾಯುತ್ತದೆ, ಅಲ್ಲಿಯ ಒಟ್ಟು ಆಹಾರ ಸಾಕಷ್ಟಿದ್ದರೂ ಕೂಡ. ಅದು ಬದುಕುವುದು ಆಹಾರ ಗುಡ್ಡೆಯಾಗಿ ಸಿಗುವ ಜಾಗಗಳಿಂದ. ಬೂತಾಯಿಯ ಹಿಂಡು, ಕೊಲ್ಲತರುವಿನ ಹಿಂಡು, ಎರಡು ಪ್ರವಾಹಗಳು ಕೂಡುವ ಗೆರೆ, ದ್ವೀಪದ ಸುತ್ತಣ ನೀರು, ತೇಲುವ ಮರದ ದಿಮ್ಮಿಯ ನೆರಳು. ಟ್ಯೂನಾಗಳು ಗುಂಪಾಗಿ ಕೆಳಗಿನಿಂದ ಒತ್ತಿ ಸಣ್ಣ ಮೀನುಗಳನ್ನು ನೀರಿನ ಮೇಲ್ಮೈಗೆ ತರುತ್ತವೆ, ಮೇಲಿನಿಂದ ರೀವ ಹಕ್ಕಿಗಳು ಎರಗುತ್ತವೆ. ದೂರದ ಬೋಟಿನವರು ಹಕ್ಕಿಗಳ ಗುಂಪು ನೋಡಿಯೇ ಟ್ಯೂನಾ ಇರುವ ಜಾಗ ಹೇಳುತ್ತಾರೆ.

ಲಕ್ಷದ್ವೀಪದವರು ಈ ಹಸಿವನ್ನು ಅರಿತು ಅದರ ಮೇಲೆಯೇ ತಮ್ಮ ಕಸುಬು ಕಟ್ಟಿದ್ದಾರೆ. ಆ ದ್ವೀಪಗಳಲ್ಲಿ ಉತ್ತರದ ಅಮಿನಿದಿವಿ ಗುಂಪು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಮಿನಿಕಾಯ್‌ನ ಬೆಸ್ತರು ಹವಳದ ಒಳನೀರಿನಲ್ಲಿ ಬೆರಳುದ್ದದ ಮೀನುಗಳನ್ನು ಜೀವಂತ ಹಿಡಿದು ದೋಣಿಯಲ್ಲಿ ಇಟ್ಟುಕೊಂಡು ಹೋಗಿ, ಸ್ಕಿಪ್‌ಜ್ಯಾಕ್ ಹಿಂಡು ಕಂಡಾಗ ಅವನ್ನು ನೀರಿಗೆ ಎಸೆಯುತ್ತಾರೆ, ನೀರನ್ನೂ ಚಿಮುಕಿಸುತ್ತಾರೆ. ದಟ್ಟ ಹಿಂಡು ಸಿಕ್ಕಿತೆಂದು ಟ್ಯೂನಾಗಳು ಹುಚ್ಚೆದ್ದು ಬಾಯಿ ಹಾಕುತ್ತವೆ. ಆಗ ಗಳುವಿಗೆ ಕಟ್ಟಿದ ಮುಳ್ಳಿಲ್ಲದ ಗಾಳದಿಂದ ಒಂದೊಂದಾಗಿ ಎತ್ತಿ ಒಳಗೆ ಹಾಕುತ್ತಾರೆ. ಬೇಯಿಸಿ, ಹೊಗೆ ಕೊಟ್ಟು, ಒಣಗಿಸಿದರೆ ಮಾಸ್‌ಮೀನು. ಬೇರೆ ಮೀನಿಗೆ, ಮರಿಗೆ ಹೆಚ್ಚು ಹಾನಿ ಮಾಡದ ಈ ಕಸುಬಿನ ಬಗ್ಗೆ ನನಗೆ ಅಪಾರ ಗೌರವವಿದೆ.

ಗುಡ್ಡೆಯಾಗಿ ಸಿಗುವ ಆಹಾರ ಹುಟ್ಟುವುದು ಎಲ್ಲಿಂದ? ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುಂಗಾರಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿ ಮತ್ತು ಪ್ರವಾಹ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರನ್ನು ದಡದ ಹತ್ತಿರ ಮೇಲೆತ್ತುತ್ತವೆ. ಬಿಸಿಲು ತಾಗಿ ಸೂಕ್ಷ್ಮ ಸಸ್ಯಗಳು ಉಕ್ಕುತ್ತವೆ. ಅವುಗಳಲ್ಲಿ ಫ್ರಾಜಿಲೇರಿಯಾ ಎಂಬ ಡಯಾಟಮ್ ಬೂತಾಯಿಗೆ ಪ್ರಿಯವೆಂದು 1920ರ ದಶಕದಲ್ಲೇ, ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಅಲ್ಲಿನ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ಸಂಗಡಿಗರು ಗುರುತಿಸಿದ್ದರು. ಡಯಾಟಮ್ಮನ್ನು ಬೂತಾಯಿ ನೇರವಾಗಿ ಸೋಸಿ ತಿನ್ನುತ್ತದೆ, ಬೂತಾಯಿಯನ್ನು ಕೇದರ ತಿನ್ನುತ್ತದೆ. ಮೂರೇ ಮೆಟ್ಟಿಲು. ಆಳ ಸಮುದ್ರದಲ್ಲಾದರೆ ಸೂಕ್ಷ್ಮ ಸಸ್ಯ, ಅದನ್ನು ತಿನ್ನುವ ಸೂಕ್ಷ್ಮ ಪ್ರಾಣಿ, ಅದನ್ನು ತಿನ್ನುವ ಇನ್ನೊಂದು, ಆಮೇಲೆ ಪುಟ್ಟ ಮೀನು ಅಥವಾ ಬೊಂಡಾಸ, ಕೊನೆಗೆ ಟ್ಯೂನಾ. ಪ್ರತಿ ಮೆಟ್ಟಿಲಿನಲ್ಲೂ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಉರಿದುಹೋಗುತ್ತದೆ ಎಂದು ಸ್ಥೂಲವಾಗಿ ಹಿಡಿದರೆ, ಎರಡು ಮೆಟ್ಟಿಲು ಕಡಿಮೆಯಾಗುವುದೆಂದರೆ ನೂರು ಪಟ್ಟು ಲಾಭ. ಕರಾವಳಿಯ ಕಡಲು ಇಷ್ಟೊಂದು ದೊಡ್ಡ ಬಾಯಿಗಳನ್ನು ಸಾಕುವ ಗುಟ್ಟು ಈ ಕಿರುಹಾದಿಯಲ್ಲಿದೆ.

ಅದೇ ಮುಂಗಾರು ಟ್ಯೂನಾಗೆ ಇಕ್ಕಟ್ಟನ್ನೂ ತರುತ್ತದೆ. ಅರಬ್ಬಿ ಸಮುದ್ರದ ಮಧ್ಯದ ಆಳದಲ್ಲಿ ಆಮ್ಲಜನಕ ಬಹುತೇಕ ಇಲ್ಲದ ದಪ್ಪ ಪದರವೊಂದಿದೆ, ಜಗತ್ತಿನ ಇಂಥ ದೊಡ್ಡ ಪದರಗಳಲ್ಲಿ ಒಂದು. ಕೆಳಗಿನ ನೀರು ಮೇಲೇಳುವಾಗ ಆಮ್ಲಜನಕದ ಕೊರತೆಯೂ ಅದರೊಂದಿಗೆ ಮೇಲೇಳುತ್ತದೆ. ಲೀಟರಿಗೆ 4 ಮಿಲಿಗ್ರಾಂ ಆಸುಪಾಸಿಗೆ ಇಳಿದರೆ ಸ್ಕಿಪ್‌ಜ್ಯಾಕ್‌ನಂಥವು ಒದ್ದಾಡುತ್ತವೆ. ಕೊರಮೀನು ಅದಕ್ಕಿಂತ ಎಷ್ಟೋ ಕೆಟ್ಟ ನೀರಿನಲ್ಲಿ ನಿಶ್ಚಿಂತೆಯಾಗಿರುತ್ತದೆ. ಮೇಲ್ಮೈಯ ನೀರು ಬಿಸಿಯಾಗುತ್ತ ಹೋದರೆ ಮೇಲೆ ಸೆಖೆ, ಕೆಳಗೆ ಉಸಿರಿಲ್ಲ, ನಡುವೆ ಉಳಿದ ತೆಳು ಪದರದಲ್ಲಿ ಬದುಕು. ಅರಬ್ಬಿ ಸಮುದ್ರ ಬಿಸಿಯಾಗುತ್ತಿರುವುದು ಈಗ ಅಳತೆಗೆ ಸಿಕ್ಕ ಸಂಗತಿ.

ಇನ್ನು ಊಟದ ತಟ್ಟೆಯನ್ನೇ ಬೇರೆಯವರು ಎತ್ತಿಕೊಂಡರೆ? ಬೂತಾಯಿ ಏರಿಳಿತದ ಮೀನು, ಅದು ಹಳೆಯ ಸಂಗತಿ. ಆದರೆ ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಹತ್ತಿರ ಬಂದಿದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಕೆಳಗೆ ಕುಸಿಯಿತು ಎಂದು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿತು. ಕಡಲಿನ ಹವೆ ಬದಲಾದದ್ದು ಇದಕ್ಕೆ ಮುಖ್ಯ ಕಾರಣ; ಮೊಟ್ಟೆಗೆ ಬರುವ ಮುಂಚೆಯೇ ಮರಿಗಳನ್ನು ಬಾಚಿಕೊಂಡದ್ದು ಅದರ ಮೇಲಿನ ಬರೆ. ಕರ್ನಾಟಕದ ಕರಾವಳಿಯಲ್ಲಿ ಫಿಶ್‌ಮೀಲ್ ಕಾರ್ಖಾನೆಗಳಿವೆ. ಸಣ್ಣ ಮೀನು, ಮರಿ ಮೀನು ಅಲ್ಲಿ ಬೆಂದು, ಹಿಂಡಿ, ಪುಡಿಯಾಗಿ ಮೀನೆಣ್ಣೆ ಒಂದು ಕಡೆ, ಹಿಟ್ಟು ಇನ್ನೊಂದು ಕಡೆ ಹೋಗುತ್ತವೆ. ಆ ಹಿಟ್ಟು ಕೋಳಿಯ, ಸಿಗಡಿಯ, ಸಾಕಿದ ಮೀನಿನ ಆಹಾರಕ್ಕೆ ಸೇರುತ್ತದೆ. ಕಡಲಿಲ್ಲದ ನಮ್ಮ ಊರುಗಳ ಕೋಳಿ ಫಾರಂಗಳಿಗೂ ಕರಾವಳಿಗೂ ಇರುವ ಈ ದಾರಿಯನ್ನು ನಾವು ಮರೆಯಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗಿರುವ ನಿಷೇಧ, ಕೇಂದ್ರ ಸರ್ಕಾರ 2017ರಲ್ಲಿ ಬೆಳಕು ಮೀನುಗಾರಿಕೆಯ ಮೇಲೆ ಹೇರಿದ ನಿಷೇಧ, ಇವೆರಡನ್ನೂ ನಾನು ಟ್ಯೂನಾದ ಕಡೆಯಿಂದ ನೋಡುತ್ತೇನೆ. ರಾತ್ರಿ ಪ್ರಖರ ದೀಪ ಹಾಕಿ ಸಣ್ಣ ಮೀನನ್ನೂ ಬೊಂಡಾಸವನ್ನೂ ಒಂದೆಡೆ ಸೇರಿಸಿ ಬಾಚುವುದೆಂದರೆ ಟ್ಯೂನಾ ಬದುಕುವುದು ಯಾವುದರ ಮೇಲೋ ಆ ದಟ್ಟಣೆಯನ್ನೇ ಕೀಳುವುದು. ಟ್ಯೂನಾವನ್ನು ಒಂದೂ ಹಿಡಿಯದೆಯೂ ಟ್ಯೂನಾವನ್ನು ಇಲ್ಲವಾಗಿಸಬಹುದು.

ಸಾಕಿ ಬೆಳೆಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಜಪಾನಿನ ಕಿಂಡಾಯ್ ವಿಶ್ವವಿದ್ಯಾಲಯ 2002ರಲ್ಲಿ ಬ್ಲೂಫಿನ್‌ನ ಮೊಟ್ಟೆಯಿಂದ ಮೊಟ್ಟೆಯವರೆಗಿನ ಪೂರ್ತಿ ಜೀವನಚಕ್ರವನ್ನು ಸಾಕಣೆಯಲ್ಲೇ ಮುಗಿಸಿ ತೋರಿಸಿತು. ದೊಡ್ಡ ಸಾಧನೆ. ಆದರೂ ಒಂದು ಕಿಲೋ ಬ್ಲೂಫಿನ್ ಬೆಳೆಸಲು ಹತ್ತರಿಂದ ಇಪ್ಪತ್ತು ಕಿಲೋ ಸಣ್ಣ ಮೀನು ಹಾಕಬೇಕು. ಈಜಿನಲ್ಲಿ ಉರಿಯುವುದನ್ನು ಸಾಕಣೆ ತಡೆಯಲಾರದು. ನಮ್ಮ ಕೆರೆಗಳಿಗೆ ಬಿಡುವ ಕಟ್ಲಾ ನೀರಿನ ಸೂಕ್ಷ್ಮಜೀವಿಗಳನ್ನೇ ಸೋಸಿ ತಿಂದು ಬೆಳೆಯುತ್ತದೆ, ಮೇಲೆ ತವುಡು ಹಿಂಡಿ ಹಾಕಿದರೆ ಆಯಿತು. ಊಟಕ್ಕೆ ಮೀನು ಬೇಕೆಂದರೆ ಯಾದಗಿರಿಯ ಕೆರೆಯ ಕಟ್ಲಾ ಸಾಕುವುದು ಲೋಕಕ್ಕೆ ಹಗುರವಾದ ದಾರಿ ಎಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಈಗ ಬೋನಾಳಕ್ಕೆ ಬರುತ್ತೇನೆ. ಸುರಪುರದ ನಾಯಕ ಅರಸರ ಕಾಲದ ಆ ಕೆರೆ ಚಳಿಗಾಲದಲ್ಲಿ ಹಕ್ಕಿಗಳ ಊರು. ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತು ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಹೆಬ್ಬಾತುಗಳ ಮೈಗೆ ಉಪಕರಣ ಕಟ್ಟಿ ಬಿಟ್ಟ ಅಧ್ಯಯನಗಳಲ್ಲಿ ಒಂದು ಹಕ್ಕಿ 7,290 ಮೀಟರ್ ಎತ್ತರ ಮುಟ್ಟಿದ್ದು ದಾಖಲಾಗಿದೆ. 2015ರಲ್ಲಿ ಪ್ರಕಟವಾದ ಹೃದಯಬಡಿತದ ಅಳತೆಗಳು ಇನ್ನೊಂದು ಜಾಣತನವನ್ನು ತೋರಿಸಿದವು: ಎತ್ತರ ಏರಿದಷ್ಟೂ ರೆಕ್ಕೆ ಬಡಿತದ ಖರ್ಚು ಕಡಿದಾಗಿ ಏರುವುದರಿಂದ ಹೆಬ್ಬಾತು ಒಮ್ಮೆ ಏರಿ ಅಲ್ಲೇ ಉಳಿಯದೆ ಬೆಟ್ಟ ಕಣಿವೆಗಳ ಮೈ ಹಿಡಿದು ಏರಿಳಿಯುತ್ತ ಸಾಗುತ್ತದೆ. ವಿಶ್ರಾಂತಿಗಿಂತ ಹಾರಾಟದ ಖರ್ಚು ಹತ್ತು ಪಟ್ಟಿಗೂ ಹೆಚ್ಚು. ಟ್ಯೂನಾದಂತೆ ಇದೂ ದುಬಾರಿ ಯಂತ್ರ. ಒಂದು ವ್ಯತ್ಯಾಸ ಬಹಳ ಮುಖ್ಯ: ಹೆಬ್ಬಾತು ಕೊಬ್ಬು ಕೂಡಿಡುತ್ತದೆ. ನಾಲ್ಕೈದು ತಿಂಗಳು ತಿಂದು, ಕೆಲವೇ ವಾರಗಳಲ್ಲಿ ಅದನ್ನು ಸುಟ್ಟು ದೇಶಗಳನ್ನು ದಾಟುತ್ತದೆ. ಟ್ಯೂನಾಗೆ ಒಂದು ವಾರದ ಕೊರತೆ ಅಪಾಯವಾದರೆ ಹೆಬ್ಬಾತಿಗೆ ಒಂದು ಹಿಂಗಾರಿನ ಕೊರತೆ ಅಪಾಯ.

ಮತ್ತು ಆ ಊಟ ಕೆರೆಯೊಳಗಿಲ್ಲ. ಕೆರೆ ಅದಕ್ಕೆ ನೀರು, ಭಯವಿಲ್ಲದ ನಿದ್ದೆಯ ಜಾಗ. ಹೊಟ್ಟೆ ತುಂಬುವುದು ದಂಡೆಯ ಹುಲ್ಲಿನಲ್ಲಿ, ಸುತ್ತಲಿನ ಹೊಲಗಳಲ್ಲಿ: ಕಡಲೆಯ ಎಳೆ ಚಿಗುರು, ಕೊಯ್ದ ಗದ್ದೆಯಲ್ಲಿ ಉದುರಿದ ಭತ್ತ, ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದ ಶೇಂಗಾ. ಹೆಬ್ಬಾತಿಗೆ ಹುಲ್ಲಿನಿಂದ ಸಿಗುವ ಶಕ್ತಿ ಕಡಿಮೆ, ಆದ್ದರಿಂದ ಗಂಟೆಗಟ್ಟಲೆ ಮೇಯಬೇಕು. ಕಾಳು ಸಿಕ್ಕರೆ ಅದೇ ಶಕ್ತಿ ಸ್ವಲ್ಪ ಹೊತ್ತಿನಲ್ಲಿ ದಕ್ಕುತ್ತದೆ. ಇಲ್ಲೂ ಮಾತು ದಟ್ಟಣೆಯದ್ದೇ. 1980ರ ದಶಕದಿಂದ ನಾರಾಯಣಪುರದ ಕಾಲುವೆಗಳು ಸುರಪುರ, ಶಹಾಪುರದ ಬೆಳೆಯ ಚಿತ್ರವನ್ನೇ ಬದಲಿಸಿವೆ. ಭತ್ತ ಬಂತು, ಜೋಳ ಹಿಂದೆ ಸರಿಯಿತು. ಆ ಬದಲಾವಣೆ ಹೆಬ್ಬಾತಿನ ತಟ್ಟೆಯ ಬದಲಾವಣೆಯೂ ಹೌದು. ಹಕ್ಕಿಧಾಮ ಎಂದರೆ ಕೆರೆಯ ಏರಿ ಮತ್ತು ನೀರು ಎಂದು ಗೆರೆ ಎಳೆದು ಕೂತರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಅದರ ಊಟ ರೈತನ ಹೊಲದಲ್ಲಿದೆ. ಎಳೆ ಕಡಲೆಯನ್ನು ಹಕ್ಕಿ ಮೇಯ್ದಾಗ ನಷ್ಟ ಆಗುವುದು ಆ ಒಬ್ಬ ರೈತನಿಗೆ. ಆ ನಷ್ಟವನ್ನು ಅಳೆದು, ಸಾರ್ವಜನಿಕ ಹಣದಿಂದ ತುಂಬಿಕೊಡುವುದು ಹಕ್ಕಿ ರಕ್ಷಣೆಯ ಮೊದಲ ಕೆಲಸವಾಗಬೇಕು. ಬೇಲಿ, ಫಲಕ, ವೀಕ್ಷಣಾ ಗೋಪುರ ಇವೆಲ್ಲ ಆಮೇಲಿನವು.

ಅಳೆಯುವುದು ಯಾರು? ಇಲ್ಲಿ ಕೂತಿರುವ ವಿದ್ಯಾರ್ಥಿಗಳು ಅಳೆಯಬಹುದು. ಹೊನಲುಲುವಿನ ತೊಟ್ಟಿಗಳು ಇದಕ್ಕೆ ಬೇಕಿಲ್ಲ. ಒಂದು ದುರ್ಬೀನು, ಒಂದು ಗಡಿಯಾರ ಸಾಕು. ಹೊಲದಲ್ಲಿ ಇಳಿದ ಗುಂಪನ್ನು ದೂರದಿಂದ ಹತ್ತು ನಿಮಿಷಕ್ಕೊಮ್ಮೆ ನೋಡಿ, ಎಷ್ಟು ಹಕ್ಕಿಗಳು ತಲೆ ತಗ್ಗಿಸಿ ಮೇಯುತ್ತಿವೆ, ಎಷ್ಟು ತಲೆಯೆತ್ತಿ ಕಾವಲಿವೆ, ಎಷ್ಟು ಮಲಗಿವೆ ಎಂದು ಎಣಿಸಿ ಬರೆದುಕೊಳ್ಳಿ. ಯಾವ ಬೆಳೆ, ಯಾವ ಹಂತ, ನಾಯಿ ಅಥವಾ ಜನ ಎಬ್ಬಿಸಿದ್ದು ಎಷ್ಟು ಸಲ ಎಂಬುದೂ ಬರಲಿ, ಏಕೆಂದರೆ ಪ್ರತಿ ಸಲ ಎದ್ದು ಹಾರಿದಾಗಲೂ ಮೇಯ್ದದ್ದರಲ್ಲಿ ಒಂದು ಪಾಲು ಉರಿಯುತ್ತದೆ. ಹೊಲದ ಯಜಮಾನರನ್ನು ಮಾತಾಡಿಸದೆ ಹೊಲಕ್ಕೆ ಕಾಲಿಡಬೇಡಿ. ಯಾವ ವಾರ ಹಕ್ಕಿ ಬಂತು, ಎಷ್ಟು ಸಾಲು ಹೋಯಿತು ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮೀನಿನ ಕಡೆ ಒಲವಿದ್ದವರು ಶಹಾಪುರ, ಸುರಪುರದ ಸಂತೆಯಲ್ಲಿ ಕೊರಮೀನು ಹೆಚ್ಚಿ ಕೊಡುವವರನ್ನು ಕೇಳಿದರೆ ಎಸೆಯುವ ಹೊಟ್ಟೆಗಳನ್ನು ಕೊಡುತ್ತಾರೆ. ಮೀನಿನ ತೂಕ, ಹೊಟ್ಟೆಯೊಳಗಿನ ಆಹಾರದ ತೂಕ, ಅದು ಕಪ್ಪೆಯೋ ಸಿಗಡಿಯೋ ಮರಿ ಮೀನೋ ಎಂಬುದು, ಹಿಡಿದ ಜಾಗ, ತಿಂಗಳು. ಒಂದು ವರ್ಷ ಮಾಡಿದರೆ ನಮ್ಮ ಹೊಳೆಯ ಬೇಟೆಗಾರ ಮೀನಿನ ಆಹಾರದ ಬಗ್ಗೆ ಗಟ್ಟಿ ಲೇಖನವೊಂದು ಬರೆಯುವಷ್ಟು ಸಾಮಗ್ರಿ ಸಿಗುತ್ತದೆ.

ಹೆಬ್ಬಾತಿನ ಕೆಲಸ ಹಿಂಗಾರಿ ಕಡಲೆ ಮೊಳೆಯುವ ಹೊತ್ತಿಗೆ ಶುರುವಾಗಿ ಮಾರ್ಚ್ ಕೊನೆಯವರೆಗೆ ನಡೆಯಬೇಕು. ಎರಡು ವಾರಕ್ಕೊಮ್ಮೆ ಒಂದು ಬೆಳಗ್ಗೆ, ಒಂದು ಸಂಜೆ ಸಾಕು. ಪ್ರತಿ ಪುಟದ ಮೇಲೆ ತಾರೀಖು, ಕೆರೆಯ ನೀರಿನ ಮಟ್ಟ, ಸುತ್ತಲಿನ ಹೊಲಗಳಲ್ಲಿ ಏನಿದೆ ಎಂಬುದನ್ನು ಮೊದಲು ಬರೆದು ಆಮೇಲೆ ಎಣಿಕೆಗೆ ಕೈ ಹಾಕಿ. ಯಾದಗಿರಿ, ಶಹಾಪುರ, ಸುರಪುರದ ಕಾಲೇಜುಗಳೆಲ್ಲ ಒಂದೇ ನಮೂನೆಯ ಹಾಳೆ ಬಳಸಿದರೆ ವರ್ಷದಿಂದ ವರ್ಷಕ್ಕೆ ಹೋಲಿಸಲು ಬರುತ್ತದೆ. ಆ ಹಾಳೆಯ ಕರಡನ್ನು ತಂದಿದ್ದೇನೆ, ಸಭೆ ಮುಗಿದ ಮೇಲೆ ಅಧ್ಯಾಪಕರು ನನ್ನಿಂದ ಪಡೆದುಕೊಳ್ಳಬಹುದು.